ಹಾರ್ನೆಟ್ ಕಲಿಕೆ: ಸ್ಟಿಕ್ ಬಿಟ್ಟು ವಡೆ ಹಿಡಿದ ಮೂರು ತಿಂಗಳು

ಡಿಸಿಎಸ್ ವರ್ಲ್ಡ್ ಅಂತ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಆಟವೊಂದಿದೆ. ಅದರಲ್ಲಿ ಹಾರ್ನೆಟ್ ಅನ್ನುವ ವಿಮಾನ ಹಾರಿಸುತ್ತಾ ಇವತ್ತಿಗೆ 61 ಗಂಟೆ ಆಯಿತು. ಆಟದ ಲಾಗ್‌ಬುಕ್ ಹಾಗಂತ ಹೇಳುತ್ತಿದೆ. ಎಷ್ಟು ಸಲ ನೆಲಕ್ಕೆ ಬಡಿದೆ ಎನ್ನುವ ಲೆಕ್ಕವೂ ಅದರಲ್ಲೇ ಇದೆ, ಅದು ಇಲ್ಲಿ ಬೇಡ.

ಶುರು ಮಾಡಿದಾಗ ನನ್ನ ಪ್ಲಾನ್ ಭಾರಿ ಜೋರಾಗಿತ್ತು. ಮೊದಲ ವಾರ ಹಾರೋದು, ಎರಡನೇ ವಾರ ಕ್ಷಿಪಣಿ ಬಿಡೋದು, ಮೂರನೇ ವಾರ ಆನ್‌ಲೈನ್‌ಗೆ ಹೋಗಿ ಯಾರನ್ನಾದರೂ ಉರುಳಿಸೋದು. ಮೂರು ತಿಂಗಳಾದ ಮೇಲೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಇಳಿಯೋದನ್ನು ಕಲಿಯುವುದರಲ್ಲೇ ಹೋಗಿದೆ. ಇನ್ಯಾರಾದರೂ ಶುರು ಮಾಡುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ, ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತಿದ್ದೇನೆ.

ಮೊದಲ ವಾರ: ದುಡ್ಡು ಎಲ್ಲಿಗೆ ಹೋಯಿತು

ಡಿಸಿಎಸ್ ಪುಕ್ಕಟೆ. ಅದರ ಜೊತೆ ಎರಡು ವಿಮಾನಗಳೂ ಪುಕ್ಕಟೆ ಬರುತ್ತವೆ: ರಷ್ಯಾದ ಸು-25ಟಿ, ಮತ್ತೆ ಎರಡನೇ ಮಹಾಯುದ್ಧದ ಕಾಲದ ಮಸ್ಟಾಂಗ್. ಕಾಕಸಸ್ ನಕ್ಷೆಗೂ ದುಡ್ಡು ಕೊಡಬೇಕಿಲ್ಲ. ಜಾರ್ಜಿಯಾ ದೇಶ, ಕಪ್ಪು ಸಮುದ್ರದ ದಂಡೆ, ಬಟುಮಿ, ಕೊಬುಲೆಟಿ, ಕುಟೈಸಿ ಎಲ್ಲ ಅದರಲ್ಲೇ ಇವೆ. ಸು-25ಟಿ ನೆಲದ ಮೇಲಿನ ಗುರಿ ಹೊಡೆಯೋಕೆ ಮಾಡಿದ್ದು. ಬಾಂಬು ತುಂಬಿಸಿದರೆ ತುಂಬಿದ ಎತ್ತಿನಗಾಡಿ. ನನಗೆ ಬೇಕಿದ್ದದ್ದು ಫೈಟರ್, ಅದೂ ಹಡಗಿನ ಮೇಲೆ ಇಳಿಯುವಂಥದ್ದು. ಹಾಗಾಗಿ ಎಫ್/ಎ-18ಸಿ ಹಾರ್ನೆಟ್. ದುಡ್ಡು ಕೊಡುವ ಮೊದಲು 14 ದಿನದ ಟ್ರಯಲ್ ಹಾಕಿಕೊಂಡು ನೋಡಿದೆ. ನೀವೂ ಹಾಗೇ ಮಾಡಿ. ಚಿತ್ರ ನೋಡಿ ಇಷ್ಟವಾದ ವಿಮಾನ ಕೂತ ಮೇಲೂ ಇಷ್ಟವಾಗಬೇಕು ಅಂತೇನಿಲ್ಲ.

ಕೀಬೋರ್ಡಿನಲ್ಲಿ ಹಾರಿಸೋಕೆ ಹೋಗಬೇಡಿ. ಕೀಲಿ ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ, ನಡುವೆ ಏನೂ ಇಲ್ಲ. ನಾನು ಎಸ್‌ಪಿ ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ಹುಡುಕಿ ತಂದೆ. ಹಿಡಿಯನ್ನು ತಿರುಚಿದರೆ ಅದೇ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸೋದು), ಬುಡದಲ್ಲಿರುವ ಸಣ್ಣ ಲಿವರೇ ಥ್ರಾಟಲ್ (ಎಂಜಿನ್ ಜೋರು, ಕಮ್ಮಿ ಮಾಡೋದು). ಶುರುವಿಗೆ ಅಷ್ಟು ಸಾಕು.

ದುಡ್ಡಿಲ್ಲದೆ ಸಿಕ್ಕ ದೊಡ್ಡ ಲಾಭ ಅಂದರೆ ಓಪನ್‌ಟ್ರ್ಯಾಕ್. ಮಾಮೂಲಿ ವೆಬ್‌ಕ್ಯಾಮ್ ನಿಮ್ಮ ಮುಖ ನೋಡುತ್ತಿರುತ್ತದೆ, ನೀವು ಕತ್ತು ತಿರುಗಿಸಿದಂತೆ ಕಾಕ್‌ಪಿಟ್‌ನೊಳಗೆ ನೋಟವೂ ತಿರುಗುತ್ತದೆ. ಕತ್ತು ಒಂದಿಂಚು ತಿರುಗಿಸಿದರೆ ಪರದೆಯಲ್ಲಿ ಭುಜದ ಹಿಂದಿನವರೆಗೂ ಕಾಣುತ್ತದೆ. ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದ ಅಮ್ಮ, "ಯಾಕೋ, ಕತ್ತು ಉಳುಕಿದೆಯಾ?" ಅಂದರು.

ಇನ್ನೊಂದು ವಿಷಯ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಆಕ್ಸಿಸ್ ಟ್ಯೂನ್ ಅಂತ ಇದೆ. ಅಲ್ಲಿ ಕರ್ವ್ ಅನ್ನೋದನ್ನು 15ರಿಂದ 20ಕ್ಕೆ ಇಟ್ಟರೆ ಸ್ಟಿಕ್ಕಿನ ನಡುಭಾಗ ಮೆತ್ತಗಾಗುತ್ತದೆ. ಚಿಕ್ಕ ಜಾಯ್‌ಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಕದಲಿಸೋದು ಕಷ್ಟ, ಅದಕ್ಕೆ ಇದು. ಜಾಸ್ತಿ ಹಾಕಬೇಡಿ, ಅಂಚಿಗೆ ಹೋದಾಗ ದಿಢೀರ್ ಅಂತ ಎಗರುತ್ತದೆ.

ಎರಡನೇ ವಾರ: ಸುಮ್ನೆ ನೇರ ಹಾರೋದು

ಕಾಕ್‌ಪಿಟ್‌ನಲ್ಲಿರುವ ಎಲ್ಲ ಸ್ವಿಚ್ಚುಗಳೂ ಕೆಲಸ ಮಾಡುತ್ತವೆ ಅಂತ ಗೊತ್ತಾದಾಗ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಬ್ಯಾಟರಿ, ಎಪಿಯು (ದೊಡ್ಡ ಎಂಜಿನ್ ಎಬ್ಬಿಸುವ ಪುಟ್ಟ ಎಂಜಿನ್), ಬಲ ಎಂಜಿನ್, ತಿರುಗುವ ವೇಗ ಶೇ 10 ದಾಟಿದ ಮೇಲೆ ಕೀಬೋರ್ಡಿನ ಬಲ ಶಿಫ್ಟ್ ಜೊತೆ ಹೋಮ್ ಕೀಲಿ, ಆಮೇಲೆ ಎಡ ಎಂಜಿನ್... ಹೀಗೆ ನಿಂತ ವಿಮಾನವನ್ನು ಎಬ್ಬಿಸೋದನ್ನೇ ಒಂದು ವಾರ ಬಾಯಿಪಾಠ ಮಾಡಿದೆ. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಹಾರೋಕೆ ಕಲಿಸೋದಿಲ್ಲ. ಮೊದಲ ಇಪ್ಪತ್ತು ಗಂಟೆ ಎಂಜಿನ್ ಚಾಲೂ ಇರುವ ವಿಮಾನದಲ್ಲೇ ಶುರು ಮಾಡಿ, ರನ್‌ವೇ ಮೇಲೋ ಆಕಾಶದಲ್ಲೋ. ಸ್ವಿಚ್ಚು ಎಲ್ಲೂ ಓಡಿಹೋಗಲ್ಲ.

ಕೀಲಿಗಳೂ ಅಷ್ಟೇ. ಎಲ್ಲವನ್ನೂ ಜಾಯ್‌ಸ್ಟಿಕ್ಕಿಗೆ ಕಟ್ಟಲು ಹೋದರೆ ಯಾವುದೂ ನೆನಪಿರಲ್ಲ. ಟ್ರಿಮ್ (ಕೈ ಬಿಟ್ಟರೂ ಮೂಗು ಇಟ್ಟಲ್ಲೇ ನಿಲ್ಲುವಂತೆ ಮಾಡೋದು), ಸ್ಪೀಡ್ ಬ್ರೇಕ್ (ಗಾಳಿಗೆ ಅಡ್ಡ ನಿಂತು ವೇಗ ಇಳಿಸೋದು), ಟ್ರಿಗರ್, ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಬೆಂಕಿಯುಂಡೆ), ಇವು ಬೆರಳಿನಲ್ಲಿರಲಿ. ಉಳಿದದ್ದಕ್ಕೆ ಮೌಸ್ ಇದೆ.

ಮಂಗಳೂರಿನ ಗೆಳೆಯನೊಬ್ಬ ಇದನ್ನು ನಾಲ್ಕು ವರ್ಷದಿಂದ ಹಾರಿಸುತ್ತಿದ್ದಾನೆ. ಒಂದು ರಾತ್ರಿ ಅವನ ಪಕ್ಕ ನೇರ ಹಾರೋಕೆ ನೋಡಿದೆ. ಮೂಗು ಮೇಲೆ ಹೋಯಿತು, ಒತ್ತಿದೆ. ಕೆಳಗೆ ಹೋಯಿತು, ಎಳೆದೆ. ಪ್ರತಿ ಸಲ ಇನ್ನೂ ಜೋರಾಗಿ. ಹೆಡ್‌ಫೋನ್‌ನಲ್ಲಿ ಅವನ ನಗು. "ಎಂತ ಮಾರಾಯ, ನೀನು ವಿಮಾನ ಹಾರಿಸುದಾ ಸಮುದ್ರದಲ್ಲಿ ದೋಣಿ ಬಿಡುದಾ?" ಆಮೇಲೆ, "ಕೈ ಬಿಡು. ಪೂರ್ತಿ ಬಿಟ್ಟು ನೋಡು" ಅಂದ.

ಬಿಟ್ಟೆ. ಎರಡು ಸೆಕೆಂಡಿನಲ್ಲಿ ಹಾರ್ನೆಟ್ ತಾನೇ ತಣ್ಣಗಾಯಿತು. ನಾನೇ ಅದನ್ನು ಕುಣಿಸುತ್ತಿದ್ದೆ! ಇದರ ಕಂಪ್ಯೂಟರ್ ವಿಮಾನವನ್ನು ಸಮ ಇಡೋಕೆ ಅಂತಲೇ ಕೂತಿದೆ, ನಾವು ಅದರ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಅವತ್ತಿಂದ ಸ್ಟಿಕ್ಕನ್ನು ಮುಷ್ಟಿಯಲ್ಲಿ ಹಿಡಿಯೋದು ಬಿಟ್ಟು ಮೂರು ಬೆರಳಲ್ಲಿ ಹಿಡಿಯುತ್ತೇನೆ, ಹಪ್ಪಳ ಹಿಡಿದ ಹಾಗೆ.

ಐದನೇ ವಾರ: ವಡೆ

ಇಳಿಯೋದನ್ನು ಕಲಿಯೋಕೆ ಅಷ್ಟೊಂದು ದಿನ ಹೋಗಿದ್ದು ಇಲ್ಲೇ. ನಾನು ಆರಿಸಿಕೊಂಡಿದ್ದು ಬಟುಮಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ಸಮುದ್ರದ ಮೇಲಿಂದ ಬಂದರೆ ಮುಂದೆ ರನ್‌ವೇ ನೇರ ಕಾಣುತ್ತದೆ, ತಪ್ಪಿದರೆ ಗುಡ್ಡ ಬರುವುದರೊಳಗೆ ಮೇಲೇಳಬೇಕು. ಅದೇ ಹೆದರಿಕೆಗೆ ನಾನು ಪ್ರತಿ ಸಲ ತುಂಬಾ ವೇಗವಾಗಿ ಬರುತ್ತಿದ್ದೆ, ರನ್‌ವೇ ಮುಗಿದು ಹುಲ್ಲಿಗೆ ಹೋಗುತ್ತಿದ್ದೆ.

ನನ್ನ ತಲೆಯಲ್ಲಿದ್ದ ಲೆಕ್ಕ ಇದು: ಸ್ಟಿಕ್ ಅಂದರೆ ಮೇಲೆ ಕೆಳಗೆ, ಥ್ರಾಟಲ್ ಅಂದರೆ ವೇಗ. ಕಾರಿನ ಬುದ್ಧಿ. ಹಾರ್ನೆಟ್ ಇಳಿಸುವಾಗ ಇದು ಪೂರ್ತಿ ತಿರುಗುಮುರುಗು.

ನಡೆಯೋದು ಹೀಗೆ. ವೇಗ 250 ನಾಟ್‌ಗಿಂತ ಕಡಿಮೆ ಆದ ಮೇಲೆ ಗೇರ್ (ಗಾಲಿಗಳ ಕಾಲು) ಇಳಿಸಬೇಕು, ರೆಕ್ಕೆಯ ಅಂಚು ಬಾಗಿಸುವ ಫ್ಲ್ಯಾಪ್ ಫುಲ್. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ಅಂದರೆ 250 ನಾಟ್ ಹೆಚ್ಚುಕಡಿಮೆ 460 ಕಿಮೀ ವೇಗ. ಗೇರ್ ಇಳಿದ ಕೂಡಲೇ ಎದುರಿನ ಗಾಜಿನ ಪಕ್ಕ ಮೂರು ಪುಟ್ಟ ದೀಪಗಳಿಗೆ ಜೀವ ಬರುತ್ತದೆ. ಮೇಲಿನದು ಹಸಿರು, ಅದು ಉರಿದರೆ ನೀವು ತೀರಾ ನಿಧಾನ. ಕೆಳಗಿನದು ಕೆಂಪು, ಅದು ಉರಿದರೆ ವೇಗ ಜಾಸ್ತಿ. ನಡುವೆ ಹಳದಿ ಬಣ್ಣದ ಒಂದು ಉಂಗುರ. ಅಮೆರಿಕದ ಪೈಲಟ್‌ಗಳು ಅದನ್ನು ಡೋನಟ್ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಶುದ್ಧ ಉದ್ದಿನವಡೆ.

ವಡೆ ಉರಿಯುತ್ತಿದ್ದರೆ ರೆಕ್ಕೆ ಗಾಳಿಯನ್ನು 8.1 ಡಿಗ್ರಿ ಓರೆಯಲ್ಲಿ ಸೀಳುತ್ತಿದೆ ಅಂತ ಅರ್ಥ. ಹಾರ್ನೆಟ್ ಇಳಿಯೋಕೆ ಸರಿಯಾದ ಓರೆ ಅದೇ. ಎಷ್ಟು ನಾಟ್ ಅನ್ನೋದು ಹೊಟ್ಟೆಯಲ್ಲಿ ಎಷ್ಟು ಇಂಧನ, ರೆಕ್ಕೆಯಲ್ಲಿ ಎಷ್ಟು ಕ್ಷಿಪಣಿ ಇದೆ ಅನ್ನುವುದರ ಮೇಲೆ ಬದಲಾಗುತ್ತದೆ. ಓರೆ ಬದಲಾಗಲ್ಲ. ಹಾಗಾಗಿ ನಾಟ್ ನೋಡುತ್ತಾ ಕೂರಬೇಡಿ, ವಡೆ ನೋಡಿ.

ಈಗ ಟ್ರಿಮ್. ಸ್ಟಿಕ್ಕಿನ ತಲೆಯ ಮೇಲಿನ ಪುಟ್ಟ ಗುಂಡಿಯನ್ನು ಹಿಂದಕ್ಕೆ ಒತ್ತುತ್ತಾ ಹೋದೆ. ಟಿಕ್, ಟಿಕ್, ಟಿಕ್. ಕೆಂಪು ಉರಿಯುತ್ತಿತ್ತು. ಕೆಂಪಿನ ಜೊತೆ ಹಳದಿಯೂ ಬಂತು. ಇನ್ನೆರಡು ಟಿಕ್. ಕೆಂಪು ಆರಿತು, ವಡೆ ಒಂದೇ ಉಳಿಯಿತು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ವಡೆ ಉರಿಯುತ್ತಲೇ ಇತ್ತು. ಥ್ರಾಟಲ್ ಒಂದಿಷ್ಟು ಮುಂದೆ ತಳ್ಳಿದೆ, ವೇಗ ಹೆಚ್ಚಲಿಲ್ಲ, ವಿಮಾನ ಮೇಲೆದ್ದಿತು. ಹಿಂದೆ ಎಳೆದೆ, ಕೆಳಗಿಳಿಯಿತು. ವಡೆ ಹಾಗೇ ಇತ್ತು. ಅಲ್ಲಿಗೆ ಎಲ್ಲ ಅರ್ಥವಾಯಿತು. ಓರೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎತ್ತರಕ್ಕೆ ಥ್ರಾಟಲ್. ಸ್ಟಿಕ್ ಇರೋದು ಎಡಕ್ಕೆ ಬಲಕ್ಕೆ ಓಲಿಸೋಕೆ ಮಾತ್ರ.

ಎದುರಿನ ಗಾಜಿನಲ್ಲಿ ಪುಟ್ಟ ರೆಕ್ಕೆ ಇರುವ ವೃತ್ತವೊಂದು ತೇಲುತ್ತಿರುತ್ತದೆ. ವಿಮಾನ ನಿಜವಾಗಿ ಹೋಗುತ್ತಿರುವುದು ಅದು ತೋರಿಸಿದ ಕಡೆಗೇ, ಮೂಗು ಎಲ್ಲೇ ಇರಲಿ. ಆ ವೃತ್ತವನ್ನು ರನ್‌ವೇ ಶುರುವಾಗುವ ಜಾಗದ ಮೇಲೆ ಕೂರಿಸಬೇಕು, ಥ್ರಾಟಲ್‌ನಲ್ಲಿ. ರನ್‌ವೇ 3 ನಾಟಿಕಲ್ ಮೈಲಿ ದೂರ ಇದ್ದಾಗ ಸುಮಾರು 900 ಅಡಿ, 1 ಮೈಲಿಗೆ 300 ಅಡಿ. ಇಷ್ಟು ನೆನಪಿದ್ದರೆ ಸಾಕು. ಕೊನೆಗೆ ಮೂಗು ಎತ್ತಿ ಹೂವಿನ ಹಾಗೆ ಇಳಿಸಲು ಹೋಗಬೇಡಿ. ಹಡಗಿನ ಮೇಲೆ ಬಡಿಯಲೆಂದೇ ಮಾಡಿದ ಕಾಲುಗಳು ಅವು. ಧಡ್ ಅಂತ ಕೂತರೇ ಸರಿ.

ಎಂಟನೇ ವಾರ: ಮಿಗ್ ಜೊತೆ ಗಿರಗಿಟ್ಲೆ

ಕಂಪ್ಯೂಟರ್ ಹಾರಿಸುವ ಮಿಗ್-29 (ರಷ್ಯಾದ ಫೈಟರ್) ಜೊತೆ ಬರೀ ಗನ್ನಿನ ಕಾಳಗ. ಹನ್ನೊಂದು ಸಲ ಸತ್ತೆ. ಎದುರಾಳಿ ಕಂಡ ಕೂಡಲೇ ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಳ್ಳೋದು, ಮೂಗು ಅವನ ಕಡೆ ತಿರುಗಿಸೋದು, ಇದಿಷ್ಟೇ ನನ್ನ ವಿದ್ಯೆ. ಮೊದಲ ಹತ್ತು ಸೆಕೆಂಡು ನಾನೇ ಗೆಲ್ಲುತ್ತಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಅವನು ಹಿಂದೆ.

ಟ್ಯಾಕ್‌ವ್ಯೂ ಅನ್ನುವ ತಂತ್ರಾಂಶದಲ್ಲಿ ಹಾರಾಟವನ್ನು ಮತ್ತೆ ಹಾಕಿ ನೋಡಬಹುದು, ಉಚಿತ ಆವೃತ್ತಿಯೂ ಇದೆ. ಅದರಲ್ಲಿ ನನ್ನ ವೇಗದ ಗೆರೆ ನೋಡಿ ನಾಚಿಕೆಯಾಯಿತು. ಶುರುವಿನಲ್ಲಿ 420 ನಾಟ್. ಹನ್ನೆರಡು ಸೆಕೆಂಡಿನ ನಂತರ 180. ಹಾರ್ನೆಟ್ ಮೂಗನ್ನು ಎಲ್ಲಿಗೆ ಬೇಕಾದರೂ ತಿರುಗಿಸುತ್ತದೆ, ಅದಕ್ಕೆ ಕೊಡುವ ಬೆಲೆ ವೇಗ. ಕಳೆದುಕೊಂಡ ವೇಗ ಬೇಗ ವಾಪಸ್ ಬರಲ್ಲ. ಸಂಬಳ ಬಂದ ದಿನವೇ ಎಲ್ಲ ಖರ್ಚು ಮಾಡಿ ತಿಂಗಳಿಡೀ ಸಾಲ ಕೇಳುವವನ ಸ್ಥಿತಿ ನನ್ನದು.

ಹಾಗಂತ ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಅದೂ ಅಲ್ಲ. ಲೆಕ್ಕ ಹಾಕಿ ನೋಡಿದೆ. 6 ಜಿ ಎಳೆತದಲ್ಲಿ (ಭೂಮಿಯ ಎಳೆತದ ಆರು ಪಟ್ಟು) 500 ನಾಟ್ ವೇಗಕ್ಕೆ ತಿರುವಿನ ತ್ರಿಜ್ಯ ಸುಮಾರು 1,140 ಮೀಟರ್. ಅದೇ ಎಳೆತ, 350 ನಾಟ್ ಆದರೆ ಸುಮಾರು 560 ಮೀಟರ್, ಅರ್ಧಕ್ಕರ್ಧ. ಇನ್ನೂ ನಿಧಾನವಾದರೆ 6 ಜಿ ಎಳೆಯೋಕೆ ರೆಕ್ಕೆಗೆ ಗಾಳಿಯೇ ಸಾಲದು. ಹಾಗಾಗಿ ನಡುವಿನಲ್ಲೆಲ್ಲೋ ಉಳಿಯಬೇಕು. ವೇಗ ಇಳಿಯುತ್ತಿದೆ ಅನ್ನಿಸಿದರೆ ಸ್ಟಿಕ್ ಸಡಿಲಿಸಿ ಮೂಗನ್ನು ಸ್ವಲ್ಪ ಕೆಳಗೆ ಬಿಟ್ಟರೆ ಭೂಮಿಯೇ ವೇಗ ಕೊಡುತ್ತದೆ, ಪುಕ್ಕಟೆ. ಎತ್ತರ ಇದ್ದರೆ ಮಾತ್ರ.

ಯಲಹಂಕದ ಏರೋ ಶೋ ಬಂದಾಗಲೆಲ್ಲ ಟೆರೇಸಿನಲ್ಲಿ ನಿಂತು ತೇಜಸ್ ನೋಡುತ್ತಿದ್ದೆ. ಬಿಗಿಯಾಗಿ ತಿರುಗುವಾಗ ಬಾಲದಲ್ಲಿ ಬೆಂಕಿ. ಜನಕ್ಕೆ ತೋರಿಸೋಕೆ ಅಂದುಕೊಂಡಿದ್ದೆ. ತಿರುವು ತಿಂದ ವೇಗವನ್ನು ಆಫ್ಟರ್‌ಬರ್ನರ್ (ಎಂಜಿನ್ನಿನ ಬಾಲದಲ್ಲಿ ಇನ್ನಷ್ಟು ಇಂಧನ ಉರಿಸೋದು) ತುಂಬಿಸುತ್ತಿರುತ್ತದೆ ಅಂತ ಈಗ ಹೊಳೆಯಿತು.

ಹನ್ನೆರಡನೇ ಸಲ 350ರ ಆಸುಪಾಸಿನಲ್ಲೇ ಉಳಿದೆ, ಕಣ್ಣು ಅವನ ಮೇಲಿಂದ ತೆಗೆಯಲಿಲ್ಲ. ನಾಲ್ಕು ಸುತ್ತು. ಗೆದ್ದೆನಾ? ಇಲ್ಲ, ಗುಂಡು ಮುಗಿಯಿತು. ಆದರೆ ಸಾಯಲಿಲ್ಲ.

ಕ್ಷಿಪಣಿ ಬಗ್ಗೆ ಜಾಸ್ತಿ ಬರೆಯುವಷ್ಟು ನನಗಿನ್ನೂ ಬಂದಿಲ್ಲ. ತಿಳಿದದ್ದು ಎರಡು. ಬಿಸಿ ಹುಡುಕಿ ಬರುವುದಕ್ಕೆ ಫ್ಲೇರ್, ರೇಡಾರ್ ಹಿಡಿದು ಬರುವುದಕ್ಕೆ ಚಾಫ್ (ರೇಡಾರಿಗೆ ಮಂಕು ಹಿಡಿಸುವ ಲೋಹದ ಎಳೆಗಳು). ರೇಡಾರಿನದು ಬರುತ್ತಿದ್ದರೆ ಅದನ್ನು ಸರಿಯಾಗಿ ಪಕ್ಕಕ್ಕೆ, ಭುಜದ ನೇರಕ್ಕೆ ತಂದುಕೊಂಡು ಕೆಳಗಿಳಿಯಬೇಕು. ಹತ್ತಿರವೂ ಬರದ, ದೂರವೂ ಹೋಗದ ವಸ್ತುವನ್ನು ಆ ರೇಡಾರ್ ನೆಲ ಅಂದುಕೊಂಡು ಬಿಟ್ಟುಬಿಡುವ ಸಾಧ್ಯತೆ ಇದೆ. ಗಾಬರಿಯಲ್ಲಿ ನಾನು ಫ್ಲೇರ್ ಬದಲು ಸ್ಪೀಡ್ ಬ್ರೇಕ್ ಒತ್ತಿದ್ದೂ ಉಂಟು.

ಈ ವಾರ: ಹಡಗು

ಅಂತೂ ಹಡಗಿಗೆ ಬಂದೆ. ಸ್ಟೆನ್ನಿಸ್, ಅಮೆರಿಕದ ವಿಮಾನವಾಹಕ ನೌಕೆ. ಡೆಕ್ ಮೇಲೆ ಅಡ್ಡಲಾಗಿ ನಾಲ್ಕು ಉಕ್ಕಿನ ಹಗ್ಗ, ಬಾಲದ ಕೊಕ್ಕೆ ಅದರಲ್ಲೊಂದನ್ನು ಹಿಡಿಯಬೇಕು. ಮೂರನೆಯದು ಸಿಕ್ಕಿದರೆ ಜಾಣ. ನಮ್ಮ ಕಾರವಾರದ ವಿಕ್ರಮಾದಿತ್ಯದ ಮೇಲೆ ವಿಮಾನ ನಿಲ್ಲೋದೂ ಹೀಗೇ, ಅಲ್ಲಿ ಹಗ್ಗ ಮೂರೇ. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಣಕರ್ ನೌಕಾಪಡೆಯ ತೇಜಸ್ಸನ್ನು ಮೊದಲ ಸಲ ಅದರ ಮೇಲೆ ಇಳಿಸಿದರು. ಅವತ್ತು ಸುದ್ದಿಯನ್ನು ಕಾಫಿ ಕುಡಿಯುತ್ತಾ ನೋಡಿ ಮರೆತಿದ್ದೆ. ಮೊನ್ನೆ ಆ ವಿಡಿಯೋ ಮತ್ತೆ ಹುಡುಕಿ, ಕೊನೆಯ ಹತ್ತು ಸೆಕೆಂಡನ್ನೇ ಏಳೆಂಟು ಸಲ ನೋಡಿದೆ.

ಬಟುಮಿಯಲ್ಲಿ ಕಲಿತದ್ದೆಲ್ಲ ಇಲ್ಲೂ ನಡೆಯುತ್ತದೆ, ರನ್‌ವೇ ಮಾತ್ರ ಓಡುತ್ತಿರುತ್ತದೆ. ಇಳಿಯುವ ಪಟ್ಟಿ ಹಡಗಿಗೆ ಎಡಕ್ಕೆ ಓರೆಯಾಗಿದೆ, ಹಡಗು ಮುಂದೆ ಹೋಗುತ್ತಿದೆ, ಹಾಗಾಗಿ ನೇರ ಬಂದರೆ ಪಟ್ಟಿ ಬಲಕ್ಕೆ ಜಾರುತ್ತಲೇ ಇರುತ್ತದೆ. ಬಲಕ್ಕೆ ಚೂರು, ಮತ್ತೆ ಚೂರು. ಗಾಲಿ ಮುಟ್ಟಿದ ಕ್ಷಣ ಥ್ರಾಟಲ್ ಪೂರ್ತಿ ಮುಂದೆ. ನಿಲ್ಲೋಕೆ ಬಂದವನು ಎಂಜಿನ್ ಜೋರು ಮಾಡೋದು ವಿಚಿತ್ರ ಅನ್ನಿಸುತ್ತೆ, ಅಲ್ವಾ? ಹಗ್ಗ ಸಿಗದಿದ್ದರೆ ಮತ್ತೆ ಹಾರಿಹೋಗಲು ಅದೊಂದೇ ದಾರಿ. ಹಾಗೆ ತಪ್ಪಿಸಿಕೊಂಡು ಹೋಗೋದಕ್ಕೆ ಬೋಲ್ಟರ್ ಅಂತ ಹೆಸರು.

ಈ ವಾರದ ಲೆಕ್ಕ: 14 ಪ್ರಯತ್ನ. 3 ಸಲ ಹಗ್ಗ, 7 ಸಲ ಬೋಲ್ಟರ್, 2 ಸಲ ಹಡಗಿನ ಹಿಂಬದಿಗೆ ಡಿಕ್ಕಿ, 2 ಸಲ ಸಮುದ್ರ. ಬೋಲ್ಟರ್ ಯಾಕೆ ಅಷ್ಟು ಅಂತ ಟ್ಯಾಕ್‌ವ್ಯೂ ಹಾಕಿಕೊಂಡು ಗೆಳೆಯನ ಜೊತೆ ಕೂತು ನೋಡಿದೆವು. ಐದರಲ್ಲಿ ಕೊನೇ ಗಳಿಗೆಗೆ ಹೆದರಿ ಥ್ರಾಟಲ್ ಕೊಟ್ಟು ಹಗ್ಗಗಳ ಮೇಲೆ ತೇಲಿಹೋಗಿದ್ದೆ. ಉಳಿದೆರಡು ಎಷ್ಟು ನೋಡಿದರೂ ಸರಿಯಾಗೇ ಇದ್ದವು. ವಡೆ ಉರಿಯುತ್ತಿತ್ತು, ನಡುಗೆರೆಯ ಮೇಲೇ ಇದ್ದೆ. ಕೊನೆಗೆ ಅವನೇ ಕಂಡುಹಿಡಿದ. "ಕೊಕ್ಕೆ ಇಳಿಸಿಯೇ ಇಲ್ವಲ್ಲ ಮಾರಾಯ!"

ಈಗ ಮಾನಿಟರ್ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: ಕೊಕ್ಕೆ, ಗೇರ್, ಫ್ಲ್ಯಾಪ್, ವಡೆ. ಧೂಳು ಒರೆಸಲು ಬಂದ ಅಮ್ಮ ಅದನ್ನು ಓದಿ, ಏನೂ ಕೇಳದೆ ಹೋದರು.