ಕಾರ್ಡಿಗೆ ಹಿಡಿಸದ ವಚನ

ಡಿಸೆಂಬರ್ 30, ರಾತ್ರಿ

ಹೊಸ ವರ್ಷಕ್ಕೆ ಸಭೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳ ಕಟ್ಟು ಪ್ರೆಸ್ಸಿನಿಂದ ಬಂತು. ಈ ಸಲವೂ ಬೈಬಲಿನ ಯೆರೆಮೀಯ 29:11: ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಹಿತದ್ದೇ, ನಿಮಗೆ ನಿರೀಕ್ಷೆ ಕೊಡುವಂಥದ್ದು ಎಂಬ ದೇವರ ಮಾತು. ಹೂವಿನ ಚಿತ್ರ ಚೆನ್ನಾಗಿದೆ. ಹತ್ತನೆಯ ವಚನ ಎಂದಿನಂತೆ ಹೊರಗೇ ಉಳಿದಿದೆ.

"ಹತ್ತನ್ನೂ ಓದಿಬಿಟ್ಟರೆ ಹೊಸ ವರ್ಷದ ಹೊತ್ತಲ್ಲಿ ಜನ ಕುಗ್ಗಿಹೋಗಲ್ವಾ ಅಯ್ಯನವರೇ?" ನಾಳೆ ರಾತ್ರಿ ವಾಕ್ಯ ಹೇಳಬೇಕಾದ ಹುಡುಗ ಕೇಳಿದ.

ಕುಗ್ಗಬಹುದು. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಅಂತಿದೆ ಅಲ್ಲಿ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋಗಿ, ಪ್ರವಾದಿ ಯೆರೆಮೀಯ ಬರೆದ ಆ ಪತ್ರ ಕೇಳಿಸಿಕೊಂಡ ದೊಡ್ಡವರು ಮತ್ತೆ ಯೆರೂಸಲೇಮು ಕಾಣುವಂತಿರಲಿಲ್ಲ. ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಿಟ್ಟ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ ಅನ್ನುವುದು ಅವರಿಗೆ ಸಿಕ್ಕ ಮಾತು.

28ನೇ ಅಧ್ಯಾಯ ಓದದೆ ಇದರ ಬಿಸಿ ತಟ್ಟುವುದಿಲ್ಲ. ಸೆರೆಯವರು ಮರಳಲು ಸುಳ್ಳು ಪ್ರವಾದಿ ಹನನ್ಯ ಕೊಟ್ಟ ಗಡುವು ಎರಡೇ ವರ್ಷ. ಆಲಯದಲ್ಲಿ, ಯಾಜಕರ ಎದುರಿಗೆ, ಯೆಹೋವನ ಹೆಸರಿನಲ್ಲೇ ಹೇಳಿದ. ಯೆರೆಮೀಯ ಮೊದಲು ಅಂದದ್ದು ಆಮೆನ್, ಹಾಗೇ ಆಗಲಿ ಅಂತ! ಅವನಿಗೂ ಅದೇ ಆಸೆ. ಆಸೆಯನ್ನು ಸಂದೇಶ ಮಾಡಲಿಲ್ಲ, ಅಷ್ಟೇ. ಬಾಬೆಲಿಗೆ ತಲೆಬಾಗಬೇಕೆಂಬ ಗುರುತಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ನೊಗವನ್ನೇ ಹನನ್ಯ ತೆಗೆದು ಮುರಿದ. ಎರಡು ವರ್ಷ ಅಂದವನು ಐದನೆಯ ತಿಂಗಳಲ್ಲಿ ನುಡಿದು ಏಳನೆಯದರಲ್ಲಿ ಸತ್ತ.

ನಮ್ಮ ಭಾಷೆಯೂ ಎಡವಿಸುತ್ತದೆ. 'ನಿಮ್ಮ' ಅಂದರೆ ನಮ್ಮ ಕಿವಿಗೆ ಮರ್ಯಾದಸ್ಥ ಒಬ್ಬ. ಸತ್ಯವೇದದಲ್ಲಿ ಒಬ್ಬನಿಗಾದರೆ 'ನೀನು'. 'ನೀವು' ಬಂದರೆ ಗುಂಪು. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ವೀಸಾ, ಸೈಟು, ಮಗಳ ಸಂಬಂಧ ಎಲ್ಲ ಆ ವಚನದೊಳಗೆ ನುಗ್ಗುತ್ತವೆ.

ಹುಡುಗನಿಗೆ ಬರೆದುಕೊಟ್ಟ ಚೀಟಿ: ಎರಡೂ ಅಧ್ಯಾಯ ಗಟ್ಟಿಯಾಗಿ ಮೂರು ಸಲ ಓದು. ಯಾರು, ಯಾರಿಗೆ, ಯಾವಾಗ, ಒಂದೇ ಸಾಲಲ್ಲಿ ಬರೆ. ದೃಷ್ಟಾಂತ ಆಮೇಲೆ, ಮೊದಲೇ ಸಿಕ್ಕಿಬಿಟ್ಟರೆ ವಾಕ್ಯವನ್ನು ಅದಕ್ಕೆ ತಕ್ಕಂತೆ ಬಗ್ಗಿಸುತ್ತೀಯ. 25 ನಿಮಿಷದಲ್ಲಿ ಹತ್ತಾದರೂ ಹನನ್ಯನಿಗೆ ಕೊಡು. 'ನಿರೀಕ್ಷೆ' ಎಂಬ ಪದ ಹಿಡಿದು ಒಂದೇ ನೆಗೆತಕ್ಕೆ ಶಿಲುಬೆಗೆ ಹಾರಬೇಡ. ದಾರಿ ಯೆರೆಮೀಯನಲ್ಲೇ ಇದೆ: 31:31ರ ಹೊಸ ಒಡಂಬಡಿಕೆ, 31:34ರ ಪಾಪಕ್ಷಮೆ, ಅಲ್ಲಿಂದ ಲೂಕ 22:20ರಲ್ಲಿ ಯೇಸು ಹೊಸ ಒಡಂಬಡಿಕೆ ಅಂದ ಪಾತ್ರೆ. ಊರಿಗೆ ಮರಳಿದರೂ ಪಾಪ ಜೊತೆಗೇ ಮರಳುತ್ತದಲ್ಲ. ನಾಳೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವೂ ಇದೆ. ಪಾತ್ರೆ ಎದುರಿಗೇ ಇರುತ್ತದೆ.

ಕಾರ್ಡಿನ ಹಿಂಬದಿ ಖಾಲಿ. ಹತ್ತನೆಯ ವಚನದ್ದೊಂದು ರಬ್ಬರ್ ಸ್ಟಾಂಪು ಮಾಡಿಸಿದರೆ? ನಾಳೆ ಮಧ್ಯಾಹ್ನದೊಳಗೆ ಸಿಗುತ್ತದೋ ಇಲ್ಲವೋ, ಆ ನುಣುಪು ಕಾಗದದ ಮೇಲೆ ಶಾಯಿ ನಿಲ್ಲುತ್ತದೋ