ಹನ್ನೊಂದು ಗಂಟೆ ಬಸ್ಸಿನ ಕ್ಯಾರಿಯರ್

1993ರಲ್ಲಿ ಡಿಗ್ರಿ ಓದಲು ಚಿಕ್ಕಮಗಳೂರಿಗೆ ಬಂದಾಗ ನಾವು ಮೂವರು ಸೇರಿ ಒಂದು ರೂಮು ಮಾಡಿದ್ದೆವು. ಅಡುಗೆ ಒಬ್ಬರಿಗೂ ಬರುತ್ತಿರಲಿಲ್ಲ. ಕೊಟ್ಟಿಗೆಹಾರದ ಹತ್ತಿರದ ನಮ್ಮೂರಿಂದ ಅಮ್ಮ ವಾರಕ್ಕೆರಡು ಸಲ ಕ್ಯಾರಿಯರ್ ಕಳಿಸುತ್ತಿದ್ದಳು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಹನ್ನೊಂದಕ್ಕೆ ಬಸ್ ಸ್ಟ್ಯಾಂಡಿಗೆ ಬರುತ್ತಿತ್ತು. ಮುಚ್ಚಳ ಜಾರದ ಹಾಗೆ ಅಪ್ಪನ ಹಳೇ ಪಂಚೆಯ ತುಂಡು ಬಿಗಿದಿರುತ್ತಿತ್ತು. ಮೇಲಿನ ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಕೆಳಗಿನದರಲ್ಲಿ ಪಲ್ಯ. ಮಳೆಗಾಲ ಬಂತೆಂದರೆ ಕಳಲೆ ಪಲ್ಯ ಗ್ಯಾರಂಟಿ. ಕಳಲೆ ಗೊತ್ತಲ್ವಾ, ಎಳೆ ಬಿದಿರು. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ, ಮೂರನೇ ದಿನ ಒಲೆ ಮೇಲಿಡಬೇಕು. ಅವಸರ ಮಾಡಿದರೆ ಕಹಿಯಷ್ಟೇ ಅಲ್ಲ, ನಂಜು ಕೂಡ. ಕಡೂರು ಕಡೆಯ ರೂಮ್‌ಮೇಟ್ ಮೊದಲ ಸಲ ಮೂಸಿ ನೋಡಿ ದೂರ ಸರಿದ. ಮುಂದಿನ ವಾರ ನನಗೇ ಉಳಿಸಲಿಲ್ಲ!

ಒಂದು ಶನಿವಾರ ಕ್ಲಾಸಿಗೆ ಚಕ್ಕರ್ ಹೊಡೆದು ಮುಳ್ಳಯ್ಯನಗಿರಿಗೆ ಹೋದೆವು. ಕ್ಯಾರಿಯರ್ ಮರೆತೇ ಹೋಯಿತು. ಸಂಜೆ ಬಸ್ಸಲ್ಲಿ ಅದು ತುಂಬಿದ್ದು ತುಂಬಿದ ಹಾಗೇ ಊರಿಗೆ ವಾಪಸ್. ಆಗ ಮನೇಲಿ ಫೋನಿರಲಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಅಪ್ಪ ನಿಂತಿದ್ದಾರೆ. ಬೈಯುತ್ತಾರೆ ಅಂದುಕೊಂಡೆ. ಹಣೆ ಮುಟ್ಟಿ ನೋಡಿ, "ಜ್ವರ ಇಲ್ವಲ್ಲ" ಅಂದವರೇ, ಟೀ ಕೂಡ ಕುಡಿಯದೆ ಬಸ್ ಹತ್ತಲು ಹೊರಟರು. ನನಗೆ ಬಂದದ್ದು ಸಿಟ್ಟು. ಗೆಳೆಯರ ಮುಂದೆ ಹಣೆ ಮುಟ್ಟಬೇಕಿತ್ತಾ ಅಂತ. ಇಪ್ಪತ್ತು ವರ್ಷದವನ ಬುದ್ಧಿ, ಇನ್ನೇನು!

ಅಪ್ಪ ಈಗಿಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ನಮ್ಮೂರಲ್ಲಿ ಕರೆಂಟಿಲ್ಲ, ಫೋನಿಲ್ಲ. ನಾನು ಬೆಂಗಳೂರಲ್ಲಿ. ವರ್ಷಗಟ್ಟಲೆ ಕಾದಿದ್ದ ಪ್ರಮೋಷನ್ ಪತ್ರ ಅದೇ ವಾರ ಕೈಗೆ ಬಂದಿತ್ತು. ಕವರ್ ಒಡೆಯುವುದಕ್ಕೂ ಮನಸ್ಸಾಗಲಿಲ್ಲ. ಎರಡು ದಿನ ಒಂದೇ ನಂಬರ್ ಒತ್ತಿದ್ದೇ ಒತ್ತಿದ್ದು. ಅವತ್ತು ಅಪ್ಪ ಆ ಬೆಳಗಿನ ಬಸ್ಸಲ್ಲಿ ಹೇಗೆ ಕೂತು ಬಂದಿರಬಹುದು ಅಂತ ಯೋಚಿಸಿದ್ದು ಅದೇ ಮೊದಲು.

ಮೂರನೇ ದಿನ ಅಮ್ಮ ಸಿಕ್ಕಿದಳು. ನನಗೆ ಮಾತೇ ಹೊರಡಲಿಲ್ಲ.

"ನಂಗೇನಾಗುತ್ತೆ ಮಾರಾಯ" ಅಂದಳು. "ಕಳಲೆ ಹಾಕಿ ಮೂರು ದಿನ ಆಗಿತ್ತು, ಇವತ್ತು ಪಲ್ಯ ಮಾಡ್ದೆ. ಕಳಿಸೋಣ ಅಂದ್ರೆ ಬಸ್ಸೇ ಇಲ್ಲ."