ಹೆಣ್ಣು ಒಳಗಿದ್ದರೆ

ಜೈಲು ಸುಧಾರಣೆ ಅಂದ್ರೆ ಟಿವಿಯಲ್ಲಿ ಬರೀ ಮೊಬೈಲ್ ಜಾಮರ್, ಸಿಸಿಟಿವಿ ಮಾತು. ನಮ್ಮ ದೇಶದ ಕೈದಿಗಳಲ್ಲಿ ಹೆಂಗಸರು 100ಕ್ಕೆ ಸುಮಾರು 4 ಮಂದಿ. ಆ ಸಣ್ಣ ಲೆಕ್ಕವೇ ಅವರಿಗೆ ಮುಳುವು. ಮಹಿಳಾ ಜೈಲುಗಳು ಕಡಿಮೆ, ಹಾಗಾಗಿ ಬಹುತೇಕರು ಗಂಡಸರ ಜೈಲಿನದೇ ಒಂದು ಮೂಲೆಯಲ್ಲಿ. ಕೆಲಸ ಕಲಿಸೋದು ಅಂದ್ರೆ ಎಷ್ಟೋ ಕಡೆ ಹೊಲಿಗೆ, ಕಸೂತಿ, ಹಪ್ಪಳ. (ಜೈಲಿಗೆ ಹೋದರೂ ಹಪ್ಪಳ ತಪ್ಪಲಿಲ್ಲ ನೋಡಿ!)

ಗಂಡ ಒಳಗಿದ್ದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ಹೆಂಡತಿ ಒಳಗಿದ್ದರೆ ಎಷ್ಟೋ ಮನೆಗಳಲ್ಲಿ ಅವಳ ಹೆಸರನ್ನೇ ಎತ್ತಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಸಹಿ ಹಾಕೋರು ಯಾರು?

ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಸಮಿತಿ ಮಹಿಳಾ ಕೈದಿಗಳ ಬಗ್ಗೆ ವರದಿ ಕೊಟ್ಟಿದ್ದು 1987ರಲ್ಲಿ. ಮಗು 6 ವರ್ಷದವರೆಗೆ ತಾಯಿ ಜೊತೆ ಇರಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಆರು ತುಂಬಿದ ಮಗುವನ್ನು ಕರಕೊಂಡು ಹೋಗೋಕೆ ಅಪ್ಪನ ಮನೆಯವರು ಬರ್ತಾರಾ?